ವಾಲಿಬಾಲ್ ಜಿಗಿತ: ಏರುವ ಬಲ, ಇಳಿಯುವ ವಿದ್ಯೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗನು ತನ್ನೊಡನೆ ಭಾಷೆಯನ್ನೂ ಊಟದ ರುಚಿಯನ್ನೂ ತರುವಂತೆ ಆಟವನ್ನೂ ತರುತ್ತಾನೆ. ಕರಾವಳಿಯ ಊರುಗಳಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಎರಡು ಕಂಬಗಳನ್ನು ಹೂಳಿ, ನಡುವೆ ಬಲೆ ಕಟ್ಟಿ, ಯುವಕ ಮಂಡಲದವರು ನಡೆಸುವ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟವನ್ನು ಕಾಣದ ತರುಣನು ವಿರಳ. ಅಂತಹ ತರುಣರೇ ಪುಣೆಗೆ ಬಂದು ಉಪಾಹಾರಗೃಹಗಳಲ್ಲಿ ಬಡಿಸುವವರಾಗಿ, ಅಡಿಗೆಯವರಾಗಿ, ಗಲ್ಲಾದಲ್ಲಿ ಕುಳಿತವರಾಗಿ, ಕಛೇರಿಗಳಲ್ಲಿ ಗುಮಾಸ್ತರಾಗಿ ದುಡಿಯುತ್ತಾರೆ. ವಾರದ ರಜೆಯ ದಿನ ಒಂದಿಷ್ಟು ಬಯಲೂ ಒಂದು ಬಲೆಯೂ ಒಂದು ಚೆಂಡೂ ದೊರೆತರೆ ಅವರ ಆಟ ಪ್ರಾರಂಭವಾಗುತ್ತದೆ.

ಈ ಆಟದಲ್ಲಿ ಎಲ್ಲರ ಕಣ್ಣೂ ಬೀಳುವುದು ಜಿಗಿದು ಹೊಡೆಯುವವನ ಮೇಲೆ. ಒಂದೇ ಎತ್ತರದ ಇಬ್ಬರು ಆಟಗಾರರಲ್ಲಿ ಒಬ್ಬನ ಅಂಗೈ ಬಲೆಯ ಮೇಲೆ ಪೂರಾ ಏಳುತ್ತದೆ. ಇನ್ನೊಬ್ಬನ ಬೆರಳ ತುದಿ ಮಾತ್ರ ಕಾಣಿಸುತ್ತದೆ. ಇದೇಕೆ? ಇನ್ನೊಂದು ಪ್ರಶ್ನೆಯೂ ಉಂಟು. ಮೂರು ನಾಲ್ಕು ವರ್ಷ ಎಲ್ಲರಿಗಿಂತ ಎತ್ತರ ಹಾರಿದವನೇ ಒಂದು ದಿನ ಮಂಡಿ ಹಿಡಿದುಕೊಂಡು ಬದಿಗೆ ಕುಳಿತುಬಿಡುತ್ತಾನೆ. ಇದೇಕೆ? ದೇಹದ ಚಲನೆಯನ್ನು ಬಲ, ವೇಗ, ಕಾಲಗಳ ಲೆಕ್ಕದಲ್ಲಿ ಅಳೆಯುವ ಶಾಸ್ತ್ರವು ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ. ಮೊದಲನೆಯ ಪ್ರಶ್ನೆ ಆಟದ್ದು, ಎರಡನೆಯದು ಅನ್ನದ್ದು. ಮೇಜಿನಿಂದ ಮೇಜಿಗೆ ದಿನವಿಡೀ ನಡೆಯುವವನಿಗೂ, ಮೂಟೆ ಇಳಿಸುವವನಿಗೂ, ಒಲೆಯ ಮುಂದೆ ಹತ್ತು ತಾಸು ನಿಲ್ಲುವವನಿಗೂ ಮಂಡಿಯೇ ಮೂಲಧನ. ಆದುದರಿಂದ ಈ ಶಾಸ್ತ್ರದ ನಾಲ್ಕು ಮಾತುಗಳನ್ನು ನಮ್ಮ ವಾಚಕರ ಮುಂದಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಗುಮಾಸ್ತರಿಗಾಗಿ ಹುಟ್ಟಿದ ಆಟ

೧೮೯೫ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಹೋಲಿಯೋಕ್ ಪಟ್ಟಣದಲ್ಲಿ, ವೈ.ಎಂ.ಸಿ.ಎ. ಸಂಸ್ಥೆಯ ವ್ಯಾಯಾಮ ನಿರ್ದೇಶಕ ವಿಲಿಯಂ ಮಾರ್ಗನ್ ಎಂಬವನು ಈ ಆಟವನ್ನು ಕಲ್ಪಿಸಿದನು. ಬಾಸ್ಕೆಟ್‌ಬಾಲ್ ಆಟದ ಓಟ ನೂಕಾಟಗಳು ಮೈಗೆ ಒಗ್ಗದ, ದಿನವೆಲ್ಲ ಕುಳಿತು ವ್ಯವಹಾರ ನಡೆಸುವ ನಡುವಯಸ್ಸಿನವರಿಗೆ ಹದವಾದ ವ್ಯಾಯಾಮ ದೊರೆಯಲೆಂಬುದೇ ಅವನ ಉದ್ದೇಶವಾಗಿತ್ತು. ಅವನು ಕಟ್ಟಿದ ಬಲೆಯ ಎತ್ತರ ಆರೂವರೆ ಅಡಿ ಮಾತ್ರ. ಅಲ್ಲಿ ಜಿಗಿಯುವ ಅವಶ್ಯಕತೆಯೇ ಇರಲಿಲ್ಲ. ಒಬ್ಬನು ಚೆಂಡನ್ನು ಎತ್ತಿಕೊಡುವುದು, ಇನ್ನೊಬ್ಬನು ಹಾರಿ ಅದನ್ನು ಕೆಳಕ್ಕೆ ಬಡಿಯುವುದು ಎಂಬ ಉಪಾಯವು ೧೯೧೬ರ ಸುಮಾರಿಗೆ ಫಿಲಿಪೈನ್ಸ್ ದ್ವೀಪಗಳಲ್ಲಿ ಬೆಳೆಯಿತು. ಅಂದಿನಿಂದ ನೆಲದ ಮೇಲಿನ ಆಟವು ಗಾಳಿಯಲ್ಲಿನ ಆಟವಾಯಿತು.

ನಮ್ಮ ದೇಶಕ್ಕೂ ಅದೇ ವೈ.ಎಂ.ಸಿ.ಎ. ಸಂಸ್ಥೆಯ ಮೂಲಕವೇ ವಾಲಿಬಾಲ್ ಬಂದಿತು. ಹ್ಯಾರಿ ಕ್ರೋ ಬಕ್ ಅವರು ೧೯೨೦ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣ ಸಂಸ್ಥೆಯಿಂದ ಹೊರಬಂದ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಆಟಗಳನ್ನು ಕೊಂಡೊಯ್ದರು. ೧೯೫೧ರಲ್ಲಿ ಅಖಿಲ ಭಾರತ ಮಟ್ಟದ ವಾಲಿಬಾಲ್ ಸಂಘಟನೆ ಹುಟ್ಟಿತು. ೧೯೫೮ರ ಟೋಕಿಯೊ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರು ಕಂಚನ್ನೂ, ೧೯೬೨ರ ಜಕಾರ್ತಾ ಕೂಟದಲ್ಲಿ ಬೆಳ್ಳಿಯನ್ನೂ ಗೆದ್ದರು. ೧೯೬೪ರಲ್ಲಿ ಟೋಕಿಯೊದಲ್ಲಿ ವಾಲಿಬಾಲ್ ಮೊದಲ ಬಾರಿ ಒಲಿಂಪಿಕ್ ಪಂದ್ಯಗಳೊಳಗೆ ಸೇರಿತು.

ನಮ್ಮ ಪುಣೆಯೂ ಈ ಕಥೆಗೆ ಹೊರಗಲ್ಲ. ೧೯೯೪ರ ರಾಷ್ಟ್ರೀಯ ಕ್ರೀಡಾಕೂಟದ ನಿಮಿತ್ತ ಬಾಲೇವಾಡಿಯಲ್ಲಿ ಎದ್ದುನಿಂತ ಶ್ರೀ ಶಿವಛತ್ರಪತಿ ಕ್ರೀಡಾಸಂಕುಲದಲ್ಲಿ ೨೦೦೯ರಲ್ಲಿ ಕಿರಿಯ ಪುರುಷರ ವಿಶ್ವ ವಾಲಿಬಾಲ್ ಪಂದ್ಯಗಳು ಜರುಗಿದವು. ಬ್ರೆಜಿಲ್ ಪ್ರಥಮ ಸ್ಥಾನವನ್ನೂ ಕ್ಯೂಬಾ ದ್ವಿತೀಯ ಸ್ಥಾನವನ್ನೂ ಪಡೆದವು. ನಮ್ಮ ಹುಡುಗರು ನಾಲ್ಕನೆಯವರಾದರು. ಅಂತಹ ಪಂದ್ಯಗಳನ್ನು ನೋಡುವವರು ಜಿಗಿತವನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ. ಜಿಗಿತದ ಹಿಂದಿನ ಹೆಜ್ಜೆಯನ್ನೂ ಅದರ ಮುಂದಿನ ಇಳಿತವನ್ನೂ ಗಮನಿಸುವವರು ಕಡಮೆ. ಗುಟ್ಟು ಇರುವುದಾದರೋ ಆ ಎರಡರಲ್ಲಿಯೇ.

ಎಷ್ಟು ಎತ್ತರ ಬೇಕು?

ಮೊದಲು ಲೆಕ್ಕ ನೋಡೋಣ. ಪುರುಷರ ಬಲೆಯ ಎತ್ತರ ೨.೪೩ ಮೀಟರ್, ಸ್ತ್ರೀಯರದು ೨.೨೪ ಮೀಟರ್. ೧೭೦ ಸೆಂಟಿಮೀಟರ್ ಎತ್ತರದ ತರುಣನು ನೆಲದ ಮೇಲೆ ನಿಂತು ಕೈ ಎತ್ತಿದರೆ ಅವನ ಬೆರಳು ಸುಮಾರು ೨.೨೦ ಮೀಟರ್ ಮುಟ್ಟುತ್ತದೆ. ಚೆಂಡಿನ ಅಡ್ಡಳತೆ ೨೧ ಸೆಂಟಿಮೀಟರ್. ಬಲೆಗೆ ತಗಲದಂತೆ ಚೆಂಡನ್ನು ಮೇಲಿನಿಂದ ಕೆಳಕ್ಕೆ ಹೊಡೆಯಬೇಕಾದರೆ ಕೈ ೨.೭೦ ಮೀಟರಿನ ವರೆಗಾದರೂ ಏರಬೇಕು. ಎಂದರೆ ಅವನು ಅರ್ಧ ಮೀಟರ್ ಜಿಗಿಯಬೇಕಾಯಿತು.

೬೦ ಸೆಂಟಿಮೀಟರ್ ಜಿಗಿಯುವವನನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ನೆಲವನ್ನು ಬಿಡುವ ಕ್ಷಣದಲ್ಲಿ ಅವನ ದೇಹದ ಮೇಲ್ಮುಖ ವೇಗ ಸೆಕೆಂಡಿಗೆ ಸುಮಾರು ೩.೪ ಮೀಟರ್, ಅಂದರೆ ಗಂಟೆಗೆ ೧೨ ಕಿಲೋಮೀಟರ್. ಇದು ಸಾವಕಾಶವಾಗಿ ಸಾಗುವ ಸೈಕಲ್ಲಿನ ವೇಗ, ಹೆಚ್ಚೇನೂ ಅಲ್ಲ. ಆದರೆ ನಿಂತ ದೇಹಕ್ಕೆ ಇಷ್ಟು ವೇಗವನ್ನು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಕಾಲದಲ್ಲಿ ಕೊಡಬೇಕಾಗಿದೆ. ಪಾದ ನೆಲದಿಂದ ಎದ್ದ ಮೇಲೆ ಎಷ್ಟು ಕಾಲು ಬಡಿದರೂ ಕೈ ಬೀಸಿದರೂ ದೇಹದ ಭಾರಕೇಂದ್ರವು ಹಿಡಿದ ದಾರಿ ಬದಲಾಗದು. ಜಿಗಿತದ ಎತ್ತರವು ನೆಲದ ಮೇಲೆಯೇ ನಿರ್ಣಯವಾಗಿಬಿಟ್ಟಿರುತ್ತದೆ.

ಇಲ್ಲಿ ಒಂದು ಲಾಭವೂ ಇದೆ. ಎತ್ತರವು ವೇಗದ ವರ್ಗವನ್ನು ಅನುಸರಿಸುತ್ತದೆ. ನೆಲ ಬಿಡುವ ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಿದರೆ ಎತ್ತರವು ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಸ್ವಲ್ಪ ಸುಧಾರಣೆಗೆ ದೊಡ್ಡ ಬಡ್ಡಿ ಸಿಕ್ಕಂತೆ!

ಕುಗ್ಗಿ ಏಳುವ ಗುಟ್ಟು

ಅಕ್ಕಿ ಮೂಟೆಯನ್ನು ಹೆಗಲಿಗೇರಿಸುವವನು ಮೊದಲು ಮಂಡಿ ಮಡಿಸಿ ಒಮ್ಮೆ ಕುಗ್ಗುತ್ತಾನೆ. ಕುಗ್ಗಿದೊಡನೆಯೇ ತಡಮಾಡದೆ ಏಳುತ್ತಾನೆ. ಜಿಗಿಯುವವನು ಮಾಡುವುದೂ ಇದನ್ನೇ. ಪ್ಯಾರಿಸ್ಸಿನ ಮಾರೆ ಮತ್ತು ದೆಮೆನಿ ಎಂಬ ವಿಜ್ಞಾನಿಗಳು ೧೮೮೫ರಷ್ಟು ಹಿಂದೆಯೇ ಪಾದವು ನೆಲವನ್ನು ಒತ್ತುವ ಬಲವನ್ನು ಯಂತ್ರದಿಂದ ಅಳೆದು ಜಿಗಿತವನ್ನು ಪರಿಶೀಲಿಸಿದ್ದರು. ಕುಕ್ಕರಗಾಲಿನಲ್ಲಿ ನಿಶ್ಚಲನಾಗಿದ್ದು ಅಲ್ಲಿಂದ ಜಿಗಿಯುವವನಿಗಿಂತ, ನಿಂತಲ್ಲಿಂದ ಥಟ್ಟನೆ ಕುಗ್ಗಿ ಒಡನೆ ಚಿಮ್ಮುವವನು ಹೆಚ್ಚು ಎತ್ತರ ಏರುತ್ತಾನೆಂಬುದು ಇಂದು ಎಲ್ಲರೂ ಒಪ್ಪಿದ ಮಾತು.

ಇದಕ್ಕೆ ಎರಡು ಕಾರಣಗಳನ್ನು ಹೇಳುತ್ತಾರೆ. ಸ್ನಾಯುವು ತನ್ನ ಪೂರ್ಣ ಬಲವನ್ನು ದೀಪದ ಗುಂಡಿ ಒತ್ತಿದಂತೆ ಒಮ್ಮೆಗೇ ತೋರಲಾರದು. ಬಲ ಕೂಡಲು ತುಸು ಕಾಲ ಬೇಕು. ಕುಗ್ಗುವ ದೇಹವನ್ನು ತಡೆದು ನಿಲ್ಲಿಸುವಾಗಲೇ ಸ್ನಾಯುಗಳು ಬಿಗಿದಿರುವುದರಿಂದ, ಮೇಲಕ್ಕೆ ತಳ್ಳುವ ಕೆಲಸವು ತುಂಬಿದ ಬಲದಿಂದಲೇ ಪ್ರಾರಂಭವಾಗುತ್ತದೆ. ಇದು ಮುಖ್ಯ ಕಾರಣ. ಇನ್ನೊಂದು, ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಕಂಡರಗಳು, ಅದರಲ್ಲಿಯೂ ಹಿಮ್ಮಡಿಯ ಮೇಲಿನ ದಪ್ಪ ಕಂಡರವು, ಬಿಲ್ಲಿನ ಹೆದೆಯಂತೆ ಜಗ್ಗಿ ಶಕ್ತಿಯನ್ನು ಹಿಡಿದಿಟ್ಟು ಮರಳಿ ಕೊಡುತ್ತವೆ. ಕುಗ್ಗಿ ಕೆಳಗೆ ತಂಗಿದರೆ ಈ ಎರಡು ಲಾಭಗಳೂ ಕರಗಿಹೋಗುತ್ತವೆ.

ಏಳುವಾಗಲೂ ಒಂದು ಕ್ರಮವಿದೆ. ಮೊದಲು ಸೊಂಟ, ಬಳಿಕ ಮಂಡಿ, ಕೊನೆಗೆ ಪಾದದ ಹರಡು, ಹೀಗೆ ಒಂದರ ಬೆನ್ನಿಗೆ ಒಂದು ಬಿಚ್ಚಿಕೊಳ್ಳುತ್ತವೆ. ನಿತಂಬ ಮತ್ತು ತೊಡೆಯ ದೊಡ್ಡ ಸ್ನಾಯುಗಳು ಹುಟ್ಟಿಸಿದ ಬಲವನ್ನು ಮೀನಖಂಡದ ಸ್ನಾಯು ಪಾದಕ್ಕೆ ದಾಟಿಸುತ್ತದೆ. ಏಕೆಂದರೆ ಅದು ಮಂಡಿಯನ್ನೂ ಹರಡನ್ನೂ ಎರಡನ್ನೂ ದಾಟಿ ಕಟ್ಟಲ್ಪಟ್ಟಿದೆ. ಉಪಾಹಾರಗೃಹದಲ್ಲಿ ಅಡಿಗೆಯವನು, ಬಡಿಸುವವನು, ಗಲ್ಲಾದವನು ಒಬ್ಬರ ಕೈಯಿಂದ ಒಬ್ಬರಿಗೆ ಕೆಲಸವನ್ನು ಸಾಗಿಸುವಂತೆಯೇ ಇದು. ನಡುವೆ ಒಬ್ಬನು ತಡಮಾಡಿದರೆ ಗಿರಾಕಿಯ ಮುಂದೆ ತಟ್ಟೆ ಬರುವುದಿಲ್ಲ.

ಕೈಗಳ ಪಾಲು, ಹೆಜ್ಜೆಗಳ ಪಾಲು

ಜಿಗಿತವೆಂದರೆ ಕಾಲಿನದೇ ಕೆಲಸವೆಂದು ತಿಳಿಯುವವರು ಬಹಳ. ನೆಲ ಬಿಡುವ ವೇಗದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ತೋಳುಗಳ ಬೀಸಿನಿಂದ ಬರುತ್ತದೆಂದು ಅಳತೆಗಳು ತೋರಿಸಿವೆ. ೬೦ ಸೆಂಟಿಮೀಟರ್ ಜಿಗಿಯುವವನ ಕೈಗಳನ್ನು ಕಟ್ಟಿದರೆ ಅವನು ಹತ್ತು ಸೆಂಟಿಮೀಟರಿನಷ್ಟು ಕಳೆದುಕೊಳ್ಳುತ್ತಾನೆ. ಆದುದರಿಂದ ಕುಗ್ಗುವಾಗ ಎರಡೂ ತೋಳುಗಳು ಬೆನ್ನ ಹಿಂದಕ್ಕೆ ಹೋಗಬೇಕು; ಏಳುವಾಗ ಜೊತೆಯಾಗಿ ಮುಂದಕ್ಕೂ ಮೇಲಕ್ಕೂ ಬೀಸಬೇಕು. ಹೊಡೆಯುವ ಕೈಯೊಂದನ್ನೇ ಎತ್ತಿ ಇನ್ನೊಂದನ್ನು ಮರೆಯುವವನು ತನ್ನ ಪಾಲಿನ ಹಣವನ್ನು ಬ್ಯಾಂಕಿನಲ್ಲಿಯೇ ಬಿಟ್ಟು ಬರುವವನಂತೆ.

ಓಡಿಬರುವ ಹೆಜ್ಜೆಗಳೂ ಹೀಗೆಯೇ. ಬಲಗೈಯಿಂದ ಹೊಡೆಯುವವನು ಎಡ, ಬಲ, ಎಡ ಎಂಬ ಮೂರು ಹೆಜ್ಜೆಗಳಲ್ಲಿ ಬರುತ್ತಾನೆ. ನಡುವಿನ ಬಲ ಹೆಜ್ಜೆ ನೀಳವಾಗಿರಬೇಕು. ಅದು ಹಿಮ್ಮಡಿಯಿಂದ ನೆಲವನ್ನು ಮುಟ್ಟಬೇಕು. ಕೊನೆಯ ಎಡಪಾದ ಬೇಗನೆ ಬಂದು, ತುಸು ಮುಂದೆ, ತುಸು ಒಳಕ್ಕೆ ತಿರುಗಿ ಊರಬೇಕು. ಮುಂದಕ್ಕೆ ಸಾಗುತ್ತಿದ್ದ ದೇಹವನ್ನು ಈ ಎರಡು ಪಾದಗಳು ತಡೆದು ಮೇಲಕ್ಕೆ ತಿರುಗಿಸುತ್ತವೆ. ತಡೆಯಲಾರದಷ್ಟು ವೇಗದಿಂದ ಓಡಿಬಂದವನು ಎತ್ತರಕ್ಕೆ ಹೋಗುವ ಬದಲು ಬಲೆಯೊಳಗೆ ಹೋಗುತ್ತಾನೆ.

ಬಲೆಯ ಬಳಿ ನಿಂತು ಎದುರಾಳಿಯ ಹೊಡೆತವನ್ನು ತಡೆಯುವವನಿಗೆ ಈ ಸೌಕರ್ಯಗಳು ಪೂರ್ಣವಾಗಿ ಇಲ್ಲ. ಅವನಿಗೆ ಓಟವೂ ಕಡಮೆ, ತೋಳಿನ ಬೀಸೂ ಕಡಮೆ. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಅವರು ಭಾರತ ತಂಡದಲ್ಲಿ ಆಡಿದ್ದು ಈ ಕಠಿಣವಾದ ಸ್ಥಾನದಲ್ಲಿಯೇ. ೨೦೨೩ರ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಲಿಷ್ಠವಾದ ದಕ್ಷಿಣ ಕೊರಿಯವನ್ನು ೩-೨ರಿಂದ ಸೋಲಿಸಿದ ತಂಡದಲ್ಲಿ ಅವರಿದ್ದರು.

ಗಾಳಿಯಲ್ಲಿ ನಿಲ್ಲುವುದುಂಟೆ?

ಕಾಸರಗೋಡಿಗೆ ನೆರೆಯ ಕಣ್ಣೂರು ಜಿಲ್ಲೆಯ ಪೇರಾವೂರಿನಲ್ಲಿ ೧೯೫೫ರಲ್ಲಿ ಹುಟ್ಟಿದ ಜಿಮ್ಮಿ ಜಾರ್ಜ್ ಅವರನ್ನು ಕಂಡವರು, ಅವರು ಗಾಳಿಯಲ್ಲಿ ಒಂದು ಕ್ಷಣ ನಿಂತೇಬಿಡುತ್ತಿದ್ದರೆಂದು ಹೇಳುವುದುಂಟು. ಇಟಲಿಯ ತಂಡಗಳಿಗಾಗಿ ಆಡಿ, ೧೯೮೬ರ ಸೋಲ್ ಏಷ್ಯನ್ ಕೂಟದಲ್ಲಿ ಭಾರತಕ್ಕೆ ಕಂಚು ಗೆದ್ದುಕೊಟ್ಟ ತಂಡದಲ್ಲಿದ್ದು, ೧೯೮೭ರಲ್ಲಿ ಇಟಲಿಯಲ್ಲಿಯೇ ಕಾರಿನ ಅಪಘಾತದಲ್ಲಿ ಅವರು ತೀರಿಕೊಂಡರು.

ಗಾಳಿಯಲ್ಲಿ ಯಾರೂ ನಿಲ್ಲಲಾರರು. ಆದರೆ ನಿಂತಂತೆ ಕಾಣುವುದು ಸುಳ್ಳಲ್ಲ. ೬೦ ಸೆಂಟಿಮೀಟರ್ ಜಿಗಿದವನು ಗಾಳಿಯಲ್ಲಿರುವುದು ಒಟ್ಟು ೦.೭ ಸೆಕೆಂಡು. ಅದರಲ್ಲಿ ಕೆಳಗಿನ ೩೦ ಸೆಂಟಿಮೀಟರನ್ನು ಏರಿ ಇಳಿಯಲು ತಗಲುವುದು ೦.೨ ಸೆಕೆಂಡು ಮಾತ್ರ. ಉಳಿದ ೦.೫ ಸೆಕೆಂಡನ್ನು ಅವನು ಮೇಲಿನ ೩೦ ಸೆಂಟಿಮೀಟರಿನಲ್ಲಿಯೇ ಕಳೆಯುತ್ತಾನೆ. ಏಕೆಂದರೆ ಏರಿದಂತೆ ವೇಗ ಕುಗ್ಗುತ್ತದೆ, ತುದಿಯಲ್ಲಿ ಶೂನ್ಯವಾಗುತ್ತದೆ. ಈ ಅರ್ಧ ಸೆಕೆಂಡಿನಲ್ಲಿ ಚೆಂಡು ಕೈಗೆ ಸಿಗುವಂತೆ ಹೊರಡುವ ಗಳಿಗೆಯನ್ನು ಅರಿಯುವುದೇ ಹೊಡೆಯುವವನ ಜಾಣ್ಮೆ. ಎತ್ತರವಿದ್ದೂ ಗಳಿಗೆ ತಪ್ಪಿದವನು ಇಳಿಯುತ್ತ ಹೊಡೆಯುತ್ತಾನೆ.

ಇಳಿತದ ಲೆಕ್ಕ

ಇನ್ನು ನಾವು ಮುಖ್ಯ ವಿಷಯಕ್ಕೆ ಬರುತ್ತೇವೆ. ಏರಿದ್ದೆಲ್ಲವೂ ಇಳಿಯಬೇಕು, ಭೂಮಿಯು ಕೊಟ್ಟ ಎತ್ತರವನ್ನು ಅಣಾಪೈಸೆ ಬಿಡದೆ ಹಿಂದಕ್ಕೆ ಕೇಳುತ್ತದೆ. ಈ ಸಾಲವನ್ನು ಒಂದೇ ಕಂತಿನಲ್ಲಿ ತೀರಿಸಬೇಕೋ ಹಲವು ಕಂತುಗಳಲ್ಲಿ ತೀರಿಸಬೇಕೋ ಎಂಬುದು ಮಾತ್ರ ಆಟಗಾರನ ಕೈಯಲ್ಲಿದೆ.

೭೦ ಕಿಲೋ ತೂಕದವನು ೬೦ ಸೆಂಟಿಮೀಟರ್ ಎತ್ತರದಿಂದ ಇಳಿಯುತ್ತಾನೆ ಎನ್ನೋಣ. ಅವನು ಮಂಡಿ, ಸೊಂಟಗಳನ್ನು ಚೆನ್ನಾಗಿ ಮಡಿಸಿ, ನೆಲ ಮುಟ್ಟಿದ ಮೇಲೆ ಭಾರಕೇಂದ್ರವು ಇನ್ನೂ ೪೦ ಸೆಂಟಿಮೀಟರ್ ಕೆಳಗಿಳಿಯುವಂತೆ ನಿಂತರೆ, ಕಾಲುಗಳು ಹೊರಬೇಕಾದ ಸರಾಸರಿ ಬಲ ಅವನ ತೂಕದ ಎರಡೂವರೆ ಪಟ್ಟು, ಎಂದರೆ ೧೭೫ ಕಿಲೋ ಭಾರ. ಅವನೇ ಕಾಲನ್ನು ಕೋಲಿನಂತೆ ಸೆಟೆಸಿ ೧೦ ಸೆಂಟಿಮೀಟರಿನಲ್ಲಿ ನಿಂತುಬಿಟ್ಟರೆ ಆ ಬಲ ಏಳು ಪಟ್ಟು, ಎಂದರೆ ೪೯೦ ಕಿಲೋ! ಇದೂ ಸರಾಸರಿ ಮಾತ್ರ. ಅತ್ಯಧಿಕ ಕ್ಷಣದ ಬಲ ಇದಕ್ಕೂ ಮಿಗಿಲು. ಎರಡು ಕಾಲುಗಳ ಮೇಲೆ ಹಂಚಿಹೋಗಬೇಕಾದ ಈ ಭಾರವನ್ನು ಹಲವರು, ವಿಶೇಷವಾಗಿ ಬಲಗೈಯಿಂದ ಹೊಡೆಯುವವರು, ಮೈ ಓಲಿದ ಕಾರಣ ಎಡಗಾಲೊಂದರ ಮೇಲೆಯೇ ಹಾಕಿಬಿಡುತ್ತಾರೆ. ಒಂದು ಸಂಜೆ ಐವತ್ತು ಸಲ ಜಿಗಿದವನು ಐವತ್ತು ಸಲ ಇಳಿದಿರುತ್ತಾನೆಂಬುದನ್ನು ಮರೆಯಲಾಗದು.

ಮಂಡಿಚಿಪ್ಪಿನ ಕೆಳತುದಿಯನ್ನು ಮೊಣಕಾಲಿನ ಎಲುಬಿಗೆ ಕಟ್ಟಿರುವ ಕಂಡರಕ್ಕೆ ಈ ಪೆಟ್ಟು ಹೆಚ್ಚಾಗಿ ತಗಲುತ್ತದೆ. ಅಲ್ಲಿ ಹುಟ್ಟುವ ನೋವಿಗೆ ವೈದ್ಯರು ‘ಜಿಗಿಯುವವನ ಮಂಡಿ’ ಎಂದೇ ಹೆಸರಿಟ್ಟಿದ್ದಾರೆ. ನಾರ್ವೆ ದೇಶದ ಉನ್ನತ ಮಟ್ಟದ ಆಟಗಾರರನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾಲಿಬಾಲ್ ಆಡುವವರ ಪೈಕಿ ನೂರಕ್ಕೆ ಸುಮಾರು ೪೫ ಜನರಿಗೆ ಈ ಬೇನೆ ಇದ್ದುದು ಕಂಡುಬಂದಿತು. ಅದೇ ದೇಶದ ಇನ್ನೊಂದು ಪರಿಶೀಲನೆಯು ಒಂದು ವಿಚಿತ್ರವನ್ನು ತಿಳಿಸಿತು: ಬೇನೆಯುಳ್ಳವರು ಬೇನೆಯಿಲ್ಲದವರಿಗಿಂತ ಜಿಗಿತದಲ್ಲಿ ಮೇಲಾಗಿದ್ದರು. ಎಂದರೆ ಈ ರೋಗವು ದುರ್ಬಲನನ್ನು ಹುಡುಕುವುದಿಲ್ಲ. ಎತ್ತರ ಜಿಗಿಯುವವನನ್ನೇ ಹುಡುಕುತ್ತದೆ. ೧೯೮೦ರ ದಶಕದಲ್ಲಿ ಇಟಲಿಯ ವೈದ್ಯರು, ಗಟ್ಟಿಯಾದ ನೆಲದ ಮೇಲೆ ಆಡುವವರಲ್ಲಿಯೂ ವಾರದಲ್ಲಿ ಹೆಚ್ಚು ದಿನ ಆಡುವವರಲ್ಲಿಯೂ ಇದು ಅಧಿಕವೆಂದು ತೋರಿಸಿದರು. ಗದ್ದೆಯ ಮಣ್ಣು ಪಾದದ ಕೆಳಗೆ ತುಸು ಕುಸಿದು ಸಾಲದ ಒಂದು ಪಾಲನ್ನು ತಾನೇ ಹೊರುತ್ತಿತ್ತು. ನಗರದ ಸಿಮೆಂಟು ಅಂಗಳವು ಏನನ್ನೂ ಹೊರುವುದಿಲ್ಲ. ಊರಿನಲ್ಲಿ ಬರಿಗಾಲಲ್ಲಿ ಆಡಿದವನು ಇಲ್ಲಿಯೂ ಹಾಗೆಯೇ ಆಡಬಹುದೆಂದು ತಿಳಿಯುವುದು ಅಪಾಯಕರ.

ಪಾದದ ಹರಡು ಉಳುಕುವುದು ಇನ್ನೊಂದು ವಿಪತ್ತು. ಇದು ಬಹುಮಟ್ಟಿಗೆ ಬಲೆಯ ಕೆಳಗೆ, ಎದುರಾಳಿಯ ಅಥವಾ ಜೊತೆಗಾರನ ಪಾದದ ಮೇಲೆ ಇಳಿದಾಗ ಸಂಭವಿಸುತ್ತದೆ. ನಡುಗೆರೆಯನ್ನು ಪಾದವು ಪೂರ್ತಿ ದಾಟಬಾರದೆಂಬ ನಿಯಮ ಇದೆಯಾದರೂ, ಗೆರೆಯನ್ನು ತುಳಿಯಲು ಅವಕಾಶವಿರುವುದರಿಂದ ಅಪಾಯ ಉಳಿದೇ ಇದೆ. ಓಟವನ್ನು ತಡೆದು ನೇರ ಮೇಲಕ್ಕೆ ಏಳುವ ಕ್ರಮವನ್ನು ಮೇಲೆ ಹೇಳಿದೆವಷ್ಟೆ. ಎತ್ತರ ಕೊಡುವ ಆ ಅಭ್ಯಾಸವೇ ಬಲೆಯ ಕೆಳಗೆ ಹೋಗಿ ಬೀಳುವುದನ್ನೂ ತಪ್ಪಿಸುತ್ತದೆ.

ಮಾಡತಕ್ಕದ್ದು ಏನು?

ಇಳಿಯುವಾಗ ಮೊದಲು ಪಾದದ ಮುಂಭಾಗ, ಕೂಡಲೇ ಹಿಮ್ಮಡಿ ನೆಲ ಮುಟ್ಟಬೇಕು. ಎರಡು ಪಾದಗಳೂ ಒಟ್ಟಿಗೆ ಊರಬೇಕು. ಕುರ್ಚಿಯಲ್ಲಿ ಕೂರಹೊರಟವನಂತೆ ಸೊಂಟ ಹಿಂದಕ್ಕೆ ಹೋಗಬೇಕು. ಮಂಡಿಗಳು ಒಳಕ್ಕೆ ಒಂದನ್ನೊಂದು ಮುಟ್ಟಬಾರದು. ಕಾಲ್ಬೆರಳುಗಳ ದಿಕ್ಕಿಗೇ ಬಾಗಬೇಕು. ಇದಕ್ಕೆ ಅತ್ಯಂತ ಸುಲಭವಾದ ಪರೀಕ್ಷೆ ಕಿವಿಯದು. ಧಡ್ಡೆಂದು ಸದ್ದಾದರೆ ಮಂಡಿ ಪೆಟ್ಟು ತಿಂದಿತೆಂದೂ, ಸದ್ದು ಕೇಳದಿದ್ದರೆ ಸ್ನಾಯುಗಳು ಕೆಲಸ ಮಾಡಿದವೆಂದೂ ತಿಳಿಯಬೇಕು.

ಬಲಕ್ಕಾಗಿ ನಮ್ಮ ಗರಡಿಯವರ ಬಸ್ಕಿಯೇ ಸಾಕು. ಅದನ್ನು ಎಣಿಕೆಯ ಹಟಕ್ಕೆ ಬಿದ್ದು ಅವಸರದಿಂದ ಮಾಡದೆ, ಮೂರು ನಾಲ್ಕು ಸೆಕೆಂಡು ನಿಧಾನವಾಗಿ ಕೆಳಗಿಳಿದು ಏಳುವಂತೆ ಮಾಡಬೇಕು. ನಿಧಾನವಾಗಿ ಭಾರ ಹೊತ್ತ ಕಂಡರವು ಕ್ರಮೇಣ ಗಟ್ಟಿಯಾಗುತ್ತದೆ. ಮೀನಖಂಡಕ್ಕಾಗಿ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಬೇಕು. ಎತ್ತರದ ಪೆಟ್ಟಿಗೆಯಿಂದ ಧುಮುಕಿ ಒಡನೆ ಜಿಗಿಯುವ ಅಭ್ಯಾಸವೊಂದನ್ನು ಸೋವಿಯೆತ್ ದೇಶದ ಯೂರಿ ವೆರ್ಖೊಷಾನ್ಸ್ಕಿ ೧೯೬೦ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಇಂದು ಅದರ ಚಿತ್ರಗಳು ಎಲ್ಲರ ಫೋನಿನಲ್ಲಿಯೂ ಕಾಣಸಿಗುತ್ತವೆ. ಅದು ವರ್ಷಗಟ್ಟಲೆ ಸಾಧನೆ ಮಾಡಿ ಕಾಲು ಬಲಿತವರಿಗೆ ಹೇಳಿದ್ದು. ಹತ್ತು ತಾಸು ನಿಂತು ಬಂದ ಕಾಲಿಗೆ ಹೇಳಿದ್ದಲ್ಲ. ದಣಿದ ಸ್ನಾಯು ಪೆಟ್ಟನ್ನು ಹೀರಲಾರದು. ಅದು ನೇರವಾಗಿ ಮಂಡಿಗೆ ಹೋಗುತ್ತದೆ. ಆದುದರಿಂದ ಕೆಲಸ ಮುಗಿದ ರಾತ್ರಿ ಚೆಂಡನ್ನು ಎತ್ತಿಕೊಡುವ, ಸ್ವೀಕರಿಸುವ ಅಭ್ಯಾಸ ನಡೆಯಲಿ. ಜಿಗಿತವು ರಜೆಯ ದಿನಕ್ಕಿರಲಿ. ದಿನವೆಲ್ಲ ಕುಳಿತ ಗುಮಾಸ್ತನಿಗೆ ಬೇರೆಯೇ ಎಚ್ಚರ ಬೇಕು. ಅವನ ಸೊಂಟ ಬಿಗಿದಿರುತ್ತದೆ. ಹತ್ತು ನಿಮಿಷ ನಡೆದು, ಓಡಿ, ಮೈ ಬೆಚ್ಚಗಾದ ಮೇಲೆಯೇ ಅವನು ಬಲೆಯ ಬಳಿಗೆ ಹೋಗತಕ್ಕದ್ದು.

ಪ್ರಗತಿಯನ್ನು ಅಳೆಯಲು ಯಂತ್ರ ಬೇಡ. ಹಾರ್ವರ್ಡಿನ ಡಡ್ಲಿ ಸಾರ್ಜೆಂಟ್ ೧೯೨೧ರಲ್ಲಿ ಪ್ರಕಟಿಸಿದ ಜಿಗಿತದ ಪರೀಕ್ಷೆ ಇಂದಿಗೂ ನಡೆದುಬಂದಿದೆ. ಬೆರಳಿಗೆ ಸೀಮೆಸುಣ್ಣ ಬಳಿದುಕೊಂಡು ಗೋಡೆಯ ಪಕ್ಕದಲ್ಲಿ ನಿಂತು ಕೈ ಎತ್ತಿ ಒಂದು ಗುರುತು ಹಾಕಿರಿ. ಜಿಗಿದು ಇನ್ನೊಂದು ಗುರುತು ಹಾಕಿರಿ. ನಡುವಿನ ಅಂತರವೇ ನಿಮ್ಮ ಜಿಗಿತ. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಸಾಕು. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿದಾಗ ನೋವಾದರೆ, ಅಥವಾ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅಲ್ಲಿ ಚುಚ್ಚಿದರೆ, ಜಿಗಿತವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಎಣ್ಣೆ ತಿಕ್ಕಿ, ಪಟ್ಟಿ ಸುತ್ತಿ, ಗುಳಿಗೆ ನುಂಗಿ ಆಟ ಮುಂದುವರಿಸುವುದು ಶೌರ್ಯವಲ್ಲ. ಎರಡು ತಿಂಗಳಲ್ಲಿ ಗುಣವಾಗಬಹುದಾದ ಬೇನೆಯು ಹಾಗೆ ವರ್ಷಗಟ್ಟಲೆ ಉಳಿಯುತ್ತದೆ.

ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮೂರು ತಟ್ಟೆಗಳನ್ನು ಒಂದೇ ಕೈಯಲ್ಲಿ ಹಿಡಿಯುವುದನ್ನು ಹಿರಿಯರು ಕಲಿಸುತ್ತಾರೆ. ಕೈ ಸುಡದಂತೆ ಹಬೆಯ ಪಾತ್ರೆ ತೆರೆಯುವುದನ್ನು ಕಲಿಸುತ್ತಾರೆ. ಬಯಲಿನಲ್ಲಿ ಅವನು ಮೊದಲ ಬಾರಿ ಬಲೆಯ ಮುಂದೆ ನಿಂತಾಗ, ಎತ್ತರ ಹಾರೆಂದು ಹುರಿದುಂಬಿಸುವ ಮೊದಲು ಸದ್ದಿಲ್ಲದೆ ಇಳಿಯುವುದನ್ನೂ ಅದೇ ಹಿರಿಯರು ಕಲಿಸಲಿ. ಆಟವು ಹತ್ತು ವರ್ಷಗಳದ್ದಾಗಬಹುದು; ದುಡಿಮೆಯು ಮೂವತ್ತು ವರ್ಷಗಳದ್ದು. ಎರಡಕ್ಕೂ ಇರುವುದು ಅವೇ ಎರಡು ಮಂಡಿಗಳು. ಪುಣೆಯ ನಮ್ಮ ತರುಣರು ಚೆನ್ನಾಗಿ ಜಿಗಿಯಲಿ, ಮಿಗಿಲಾಗಿ ಚೆನ್ನಾಗಿ ಇಳಿಯಲ್ಲಿ ಪರಿಣತರಾಗಲಿ ಎಂದು ನಾವು ಹಾರೈಸುತ್ತೇವೆ.